ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾರ್ನ್ಡ್ ಬೀಫ್ ಯಾರ ಮನೆಯ ಅಡುಗೆ?

ಪ್ರಶ್ನೆ: ಕಳೆದ ಮಾರ್ಚ್ ತಿಂಗಳಿನಲ್ಲಿ ನ್ಯೂಜೆರ್ಸಿಯ ಮಗನ ಮನೆಯಲ್ಲಿದ್ದೆ. 17ರಂದು, ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ಪಕ್ಕದ ಮನೆಯ ಐರಿಷ್ ಮೂಲದ ಅಜ್ಜಿಯೊಬ್ಬರು ನಮ್ಮನ್ನು ಊಟಕ್ಕೆ ಕರೆದು ಕಾರ್ನ್ಡ್ ಬೀಫ್ (ಉಪ್ಪಿನಲ್ಲಿ ಹದಗೊಳಿಸಿದ ದನದ ಮಾಂಸ) ಮತ್ತು ಬೇಯಿಸಿದ ಎಲೆಕೋಸು ಬಡಿಸಿದರು. ‘ಇದು ನಮ್ಮ ಹಿರಿಯರ ಊರಿನ ಊಟ, ಉಂಡಾಗಲೆಲ್ಲ ಅಮ್ಮನ ನೆನಪಾಗುತ್ತದೆ’ ಎಂದರು. ಆದರೆ ಡಬ್ಲಿನ್ ನಗರದಿಂದ ಬಂದಿರುವ ಮಗನ ಸಹೋದ್ಯೋಗಿ, ತಮ್ಮ ಮನೆಯಲ್ಲಿ ಆ ಹಬ್ಬಕ್ಕೆ ಅದನ್ನು ಮಾಡಿದ್ದೇ ಇಲ್ಲ ಎನ್ನುತ್ತಾರೆ. ಯಾರ ಮಾತು ಸರಿ?
— ಓದುಗರೊಬ್ಬರು, ಮಂಗಳೂರು

ಉತ್ತರ: ಇಬ್ಬರ ಮಾತೂ ಸರಿ. ಅದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಳೆಯ ಐರ್ಲೆಂಡಿನ ರೈತನಿಗೆ ಹಸು ಎಂದರೆ ಹಾಲು, ಬೆಣ್ಣೆ ಮತ್ತು ಮನೆತನದ ಸಿರಿ. ಅದರ ಮಾಂಸ ಅವನ ತಟ್ಟೆಗೆ ಬರುತ್ತಿದ್ದುದು ಅಪರೂಪ. ಬಡವರ ಮನೆಯಲ್ಲಿ ಸಾಕುತ್ತಿದ್ದುದು ಹಂದಿ. ಅದನ್ನೂ ಬಹುಪಾಲು ಮಾರಿ ಜಮೀನ್ದಾರನಿಗೆ ಗೇಣಿ ಸಲ್ಲಿಸುತ್ತಿದ್ದರು; ಹಾಗಾಗಿಯೇ ಹಂದಿಗೆ ‘ಗೇಣಿ ಕಟ್ಟುವ ಮಹನೀಯ’ ಎಂಬ ಅಡ್ಡಹೆಸರು ಬಂದಿತ್ತು. ಹಬ್ಬ ಹರಿದಿನಗಳಲ್ಲಿ ಉಪ್ಪು ಹಾಕಿಟ್ಟ ಹಂದಿಮಾಂಸವನ್ನು, ಅಂದರೆ ಬೇಕನ್ ಅನ್ನು, ಎಲೆಕೋಸಿನೊಂದಿಗೆ ಬೇಯಿಸುತ್ತಿದ್ದರು. ಇಂದಿಗೂ ಅಲ್ಲಿನ ಮನೆಗಳಲ್ಲಿ ಆ ಹಬ್ಬದ ಊಟವೆಂದರೆ ಬೇಕನ್ ಅಥವಾ ಕುರಿಮರಿಯ ಮಾಂಸ.

ಹಾಗೆಂದು ಉಪ್ಪಿನ ದನದ ಮಾಂಸಕ್ಕೂ ಐರ್ಲೆಂಡಿಗೂ ಸಂಬಂಧವಿಲ್ಲವೆಂದಲ್ಲ. 1663 ಮತ್ತು 1667ರ ಕಾಯ್ದೆಗಳ ಮೂಲಕ ಇಂಗ್ಲೆಂಡ್ ಐರ್ಲೆಂಡಿನ ಜೀವಂತ ದನಗಳ ಆಮದನ್ನು ಮೊದಲು ಬಿಗಿಗೊಳಿಸಿ, ಬಳಿಕ ನಿಲ್ಲಿಸಿಯೇಬಿಟ್ಟಿತು. ಮಾರಲಾಗದ ದನಗಳನ್ನು ಕಡಿದು, ಉಪ್ಪು ಸೇರಿಸಿ, ಪೀಪಾಯಿಗಳಲ್ಲಿ ತುಂಬಿ ಸಾಗಿಸುವ ಉದ್ಯಮ ಬೆಳೆಯಿತು. ದಕ್ಷಿಣದ ಕಾರ್ಕ್ ಬಂದರು ಅದರ ಕೇಂದ್ರವಾಯಿತು. ಆ ಪೀಪಾಯಿಗಳು ಬ್ರಿಟಿಷ್ ನೌಕಾಪಡೆಯ ಹಡಗುಗಳನ್ನೂ, ಗುಲಾಮರು ದುಡಿಯುತ್ತಿದ್ದ ವೆಸ್ಟ್ ಇಂಡೀಸ್ ತೋಟಗಳನ್ನೂ ತಲುಪುತ್ತಿದ್ದವು. ಅದನ್ನು ಉಪ್ಪು ಹಾಕಿ ತುಂಬಿದ ಕೈಗಳಿಗೆ ಮಾತ್ರ ಕೊಂಡು ತಿನ್ನುವಷ್ಟು ಹಣವಿರಲಿಲ್ಲ. ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಈ ಸಂಗತಿಯೇ.

1845ರಿಂದ 1852ರವರೆಗೆ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಮಹಾ ಕ್ಷಾಮ ಬಂದಿತು. ಸುಮಾರು 10 ಲಕ್ಷ ಜನ ಸತ್ತರು, ಕನಿಷ್ಠ ಅಷ್ಟೇ ಜನ ದೇಶ ಬಿಟ್ಟರು. ಆ ವರ್ಷಗಳಲ್ಲೂ ಅಲ್ಲಿಂದ ಆಹಾರ ರಫ್ತಾಗುತ್ತಲೇ ಇತ್ತು. ನ್ಯೂಯಾರ್ಕ್ ಸೇರಿದ ಐರಿಷ್ ಕುಟುಂಬಗಳಿಗೆ ಅಲ್ಲಿ ತಮ್ಮೂರಿನ ಬೇಕನ್ ದುಬಾರಿಯಾಯಿತು, ದನದ ಮಾಂಸ ಅಗ್ಗವಾಯಿತು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಅವರ ಆಸುಪಾಸಿನಲ್ಲೇ ಯಹೂದಿ ಮಾಂಸದಂಗಡಿಗಳಿದ್ದವು. ಯಹೂದಿಗಳ ಧರ್ಮದಲ್ಲಿ ಹಂದಿ ನಿಷಿದ್ಧ. ಅವರು ದನದ ಎದೆಭಾಗದ ಗಟ್ಟಿ ಮಾಂಸವನ್ನು, ಅಂದರೆ ಬ್ರಿಸ್ಕೆಟ್ ಅನ್ನು, ಉಪ್ಪುನೀರಿನಲ್ಲಿ ನೆನೆಸಿ ಮಾರುತ್ತಿದ್ದರು. ರುಚಿಯಲ್ಲಿ ಅದು ಊರಿನ ಬೇಕನ್ ಅನ್ನು ನೆನಪಿಸುವಂತಿತ್ತು. ಎಲೆಕೋಸು, ಆಲೂಗಡ್ಡೆ ಎರಡೂ ಅಗ್ಗವಾಗಿ ಸಿಗುತ್ತಿದ್ದವು. ಊರಿನಲ್ಲಿ ಯಾವುದು ಕೈಗೆಟುಕುತ್ತಿರಲಿಲ್ಲವೋ ಅದು ಪರದೇಶದಲ್ಲಿ ಮನೆಯೂಟವಾದದ್ದು ಹೀಗೆ.

ಇದನ್ನು ‘ನಕಲಿ ಐರಿಷ್ ಅಡುಗೆ’ ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಆ ಅಜ್ಜಿಯ ಅಮ್ಮ ಬೇಯಿಸಿದ್ದು ಇದನ್ನೇ. ಒಲೆಯ ಮೇಲೆ ಮೂರು ಗಂಟೆ ಕುದಿಯುತ್ತಿದ್ದ ಆ ಪಾತ್ರೆಯ ಘಮವೇ ಅವರಿಗೆ ತವರಿನ ಘಮ. ಹಬ್ಬ ಶುಕ್ರವಾರ ಬಂದರೆ, ಲೆಂಟ್ ವ್ರತದ ಶುಕ್ರವಾರಗಳಲ್ಲಿ ಕ್ಯಾಥೊಲಿಕರಿಗೆ ಮಾಂಸ ನಿಷಿದ್ಧವಾದರೂ, 2017 ಮತ್ತು 2023ರಲ್ಲಿ ಆದಂತೆ ಅಮೆರಿಕದ ಹಲವು ಬಿಷಪ್ಪರು ಆ ದಿನಕ್ಕೆ ವಿನಾಯಿತಿ ನೀಡುತ್ತಾರೆ.

ಪ್ರಶ್ನೆ: ಹೆಸರಿನಲ್ಲಿ ಕಾರ್ನ್ ಇದೆ, ಅಡುಗೆಯಲ್ಲಿ ಮೆಕ್ಕೆಜೋಳದ ಸುಳಿವೂ ಇಲ್ಲ. ಗಂಟೆಗಟ್ಟಲೆ ಬೇಯಿಸಿದರೂ ಮಾಂಸ ಕೆಂಪಾಗಿಯೇ ಉಳಿಯುವುದೇಕೆ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಹಳೆಯ ಇಂಗ್ಲಿಷಿನಲ್ಲಿ ಕಾರ್ನ್ ಎಂದರೆ ಕಾಳು ಅಥವಾ ಹರಳು. ನಾವು ‘ಹರಳುಪ್ಪು’ ಎನ್ನುವಂತೆಯೇ, ದಪ್ಪ ಹರಳಿನ ಉಪ್ಪಿನಲ್ಲಿ ಹೂತಿಟ್ಟ ಮಾಂಸಕ್ಕೆ ಆ ಹೆಸರು ಬಂದಿತು. ಕೆಂಬಣ್ಣಕ್ಕೆ ಕಾರಣ ಹಿಂದೆ ಪೆಟ್ಲುಪ್ಪು, ಈಗ ನೈಟ್ರೈಟ್ ಬೆರೆತ ಉಪ್ಪು. ಅದು ಮಾಂಸದ ವರ್ಣದ್ರವ್ಯದೊಂದಿಗೆ ಸೇರಿ ಬಣ್ಣವನ್ನು ಹಿಡಿದಿಡುತ್ತದೆ, ವಿಷಕಾರಿ ಬ್ಯಾಕ್ಟೀರಿಯಾ ಬೆಳೆಯದಂತೆಯೂ ತಡೆಯುತ್ತದೆ. ಗುಲಾಬಿ ಬಣ್ಣ ಬೆರೆಸಿ ಮಾರುವ ಈ ಉಪ್ಪನ್ನು ಹಿಮಾಲಯದ ಗುಲಾಬಿ ಉಪ್ಪೆಂದು ದಯವಿಟ್ಟು ಭ್ರಮಿಸಬೇಡಿ. ಅಳತೆ ಮೀರಿದರೆ ನೈಟ್ರೈಟ್ ಅಪಾಯಕಾರಿ. ನಮ್ಮಲ್ಲಿಯೂ ಕೋಲಾರ ಚಿನ್ನದ ಗಣಿ ಪ್ರದೇಶದ ಆಂಗ್ಲೋ-ಇಂಡಿಯನ್ ಕುಟುಂಬಗಳು ಕ್ರಿಸ್ಮಸ್ ಹೊತ್ತಿಗೆ ಉಪ್ಪು, ನಿಂಬೆರಸ, ಪೆಟ್ಲುಪ್ಪು ಸವರಿ ಮಾಂಸವನ್ನು ದಿನಗಟ್ಟಲೆ ಇಡುವ ಪದ್ಧತಿಯಿದೆ.

ಪ್ರಶ್ನೆ: ಷಿಕಾಗೋದಲ್ಲಿ ಓದುತ್ತಿದ್ದೇನೆ. ಗೆಳತಿಯ ಮನೆಯವರಿಗಾಗಿ ಅಂಗಡಿಯಿಂದ ಕಾರ್ನ್ಡ್ ಬೀಫ್ ತಂದು ಬೇಯಿಸಿದೆ. ರಬ್ಬರಿನಂತಾಯಿತು, ಉಪ್ಪೂ ಹೆಚ್ಚಾಯಿತು. ತಪ್ಪೆಲ್ಲಿ?
— ವಿದ್ಯಾರ್ಥಿನಿ

ಉತ್ತರ: ಪೊಟ್ಟಣದ ಉಪ್ಪುನೀರನ್ನು ಚೆಲ್ಲಿ, ಮಾಂಸವನ್ನು ಚೆನ್ನಾಗಿ ತೊಳೆದು, ತಣ್ಣೀರಿನಲ್ಲಿ ಇಟ್ಟು ಒಲೆ ಹಚ್ಚಬೇಕು. ಎದೆಭಾಗದ ಗಟ್ಟಿ ನಾರು ಕರಗಿ ಮೆತ್ತಗಾಗುವುದು ಸಣ್ಣ ಉರಿಯಲ್ಲಿ ಮಾತ್ರ. ನೀರು ಕೊತಕೊತ ಕುದಿಯದೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಂತಿದ್ದರೆ ಸಾಕು. ಒಂದೂವರೆ ಕಿಲೋ ತುಂಡಿಗೆ ಸುಮಾರು ಮೂರು ಗಂಟೆ ಬೇಕು. ಜೊತೆಗೆ ಬರುವ ಸಾಸಿವೆ, ಕೊತ್ತಂಬರಿ ಬೀಜ, ಮೆಣಸಿನ ಕಾಳುಗಳನ್ನು ಆರಂಭದಲ್ಲೇ ಹಾಕಿ. ಎಲೆಕೋಸನ್ನು ಕೊನೆಯ ಕಾಲು ಗಂಟೆಯಲ್ಲಿ ಸೇರಿಸಿ. ಇಳಿಸಿದ ಮೇಲೆ ಹತ್ತು ನಿಮಿಷ ಬಿಟ್ಟು, ಮಾಂಸದ ಎಳೆಗಳು ಯಾವ ಕಡೆ ಹರಿದಿವೆಯೆಂದು ನೋಡಿ, ಅವಕ್ಕೆ ಅಡ್ಡಲಾಗಿ ತೆಳ್ಳಗೆ ಕತ್ತರಿಸಿ. ಎಳೆಯ ಉದ್ದಕ್ಕೆ ಕತ್ತರಿಸಿದರೆ ಎಷ್ಟು ಬೆಂದಿದ್ದರೂ ಅಗಿಯುವುದು ಕಷ್ಟ. ಉಳಿದದ್ದನ್ನು ಮರುದಿನ ಬೆಳಿಗ್ಗೆ ಆಲೂಗಡ್ಡೆ, ಈರುಳ್ಳಿಯೊಂದಿಗೆ ಸಣ್ಣಗೆ ಹೆಚ್ಚಿ, ಕಾವಲಿಯ ಮೇಲೆ ಹರಡಿ, ತಳ ಗರಿಗರಿಯಾಗುವವರೆಗೆ ಕೈಯಾಡಿಸದೆ ಬಿಡಿ; ಮೇಲೊಂದು ಮೊಟ್ಟೆ ಒಡೆದು ಹಾಕಿದರೆ ಅದೇ ಅಲ್ಲಿಯವರ ಅಚ್ಚುಮೆಚ್ಚಿನ ಹ್ಯಾಶ್.