ಓದುಗರ ಪ್ರಶ್ನೆ: ಏರೇ ಇಲ್ಲದ ಬಯಲಿನಲ್ಲಿ ಹಿಂದೊಂದು ಇಂಜಿನ್ ಯಾಕೆ?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ನೆಬ್ರಾಸ್ಕಾಗೆ ಹೋಗಿದ್ದೆ. ಒಂದು ಗೇಟಿನಲ್ಲಿ ಕಲ್ಲಿದ್ದಲಿನ ಗೂಡ್ಸ್ ಗಾಡಿ ನೋಡಿದೆವು, ಮುಗಿಯುವ ಲಕ್ಷಣವೇ ಇರಲಿಲ್ಲ. ಮುಂದೆ ಎರಡು ಇಂಜಿನ್, ಕೊನೆಗೊಂದು. ಆ ಕೊನೆಯದರಲ್ಲಿ ಯಾರೂ ಇಲ್ಲ! ಘಾಟಿ ಹತ್ತಲು ಹಿಂದಿನಿಂದ ತಳ್ಳುವುದು ನಮಗೆ ಗೊತ್ತು. ಆದರೆ ಅಲ್ಲಿ ಘಾಟಿಯೇ ಇಲ್ಲವಲ್ಲ ಸಾರ್?
– ಸಕಲೇಶಪುರದ ಓದುಗರು

ಉತ್ತರ: ಗಮನಿಸಿದ್ದು ಸರಿ. ಏರಿನ ಮಾತು ಬಿಡಿ, ತುಂಬಿದ ಗಾಡಿಗೆ ಅಲ್ಲಿ ಸ್ವಲ್ಪ ಇಳಿಜಾರೇ ಸಿಗುತ್ತದೆ. ವಯೋಮಿಂಗ್‌ನ ಪೌಡರ್ ರಿವರ್ ಗಣಿಗಳಿಂದ ಹೊರಟ ಕಲ್ಲಿದ್ದಲು ಪೂರ್ವಕ್ಕೆ ಬರುತ್ತದೆ. ದಾರಿಯಲ್ಲಿ ಸಿಗುವ ನಾರ್ತ್ ಪ್ಲಾಟ್ ಊರು ಸುಮಾರು 850 ಮೀಟರ್ ಎತ್ತರದಲ್ಲಿದೆ, ಒಮಾಹಾ ಸುಮಾರು 330.

ಹಿಂದಿನ ಇಂಜಿನ್ ತಳ್ಳುತ್ತದೆ, ನಿಜ. ಆದರೆ ಬ್ರೇಕಿನ ಗಾಳಿ ನೋಡಿಕೊಳ್ಳುವುದೂ ಅಷ್ಟೇ ದೊಡ್ಡ ಕೆಲಸ. ತುಂಬಿದ ಒಂದು ವ್ಯಾಗನ್ ಸುಮಾರು 130 ಟನ್ ತೂಗುತ್ತದೆ. ಅಂಥ 135 ಇದ್ದರೆ 17,000 ಟನ್ ದಾಟಿತು, ಉದ್ದ 2 ಕಿಲೋಮೀಟರಿಗೂ ಜಾಸ್ತಿ. ಈ ಉದ್ದಕ್ಕೂ ಒಂದೇ ಗಾಳಿ ಪೈಪು. ಅದರಲ್ಲಿ ಒತ್ತಡ ಇಳಿದರೆ ಬ್ರೇಕ್ ಹಿಡಿಯುತ್ತದೆ, ಮತ್ತೆ ತುಂಬಿಸಿದರೆ ಬಿಡುತ್ತದೆ. ಮುಂದಿನಿಂದ ಮಾತ್ರ ಗಾಳಿ ಬಿಟ್ಟರೆ ಆ ಸುದ್ದಿ ಕೊನೆಯ ವ್ಯಾಗನ್ ಮುಟ್ಟಲು ಹಲವು ಸೆಕೆಂಡು ಬೇಕು, ಅಷ್ಟರಲ್ಲಿ ಮುಂದಿನವು ನಿಧಾನವಾಗಿರುತ್ತವೆ, ಹಿಂದಿನವು ಅದೇ ವೇಗದಲ್ಲಿ ಬಂದು ಗುದ್ದುತ್ತವೆ. ಪುನಃ ಗಾಳಿ ತುಂಬಿಸಲು ಇನ್ನೂ ಜಾಸ್ತಿ ಹೊತ್ತು. ಬಾಲದಲ್ಲೊಂದು ಇಂಜಿನ್ ಇದ್ದರೆ ಎರಡೂ ತುದಿಯಿಂದ ಒಟ್ಟಿಗೆ ಗಾಳಿ ಬಿಡಬಹುದು, ತುಂಬಬಹುದು.

ಇನ್ನು ಕೊಂಡಿಗಳು. ಒಂದೊಂದರಲ್ಲೂ ಕೆಲವು ಇಂಚು ಸಡಿಲ ಇರುತ್ತದೆ. ನಿಂತ ಗಾಡಿ ಹೊರಡುವಾಗ ಪಕ್ಕದಲ್ಲಿದ್ದರೆ ಕೇಳಿಸುತ್ತದೆ: ಢಣ್, ಢಣ್, ಢಣ್ ಅಂತ ಒಂದೊಂದೇ ಕೊಂಡಿ ಬಿಗಿಯುತ್ತಾ ಸದ್ದು ಹಿಂದಕ್ಕೆ ಓಡುತ್ತದೆ. ಎಲ್ಲವನ್ನೂ ಮುಂದಿನಿಂದಲೇ ಎಳೆದರೆ ಇಡೀ ಭಾರ ಮೊದಲ ಕೊಂಡಿಯ ಮೇಲೆ, ಅದು ಮುರಿಯುವುದೂ ಉಂಟು.

ಯಾರೂ ಇಲ್ಲದೆ ಅದು ಓಡುವುದು ರೇಡಿಯೋದಿಂದ. ನಿಮ್ಮ ಸಕಲೇಶಪುರದ ಘಾಟಿಯಲ್ಲಿ ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್‌ನಲ್ಲಿ ಬೇರೆ ಚಾಲಕರಿರುತ್ತಾರೆ. ಅಮೆರಿಕದಲ್ಲಿ ಮುಂದಿನ ಚಾಲಕನೇ ಎಲ್ಲವನ್ನೂ ನಡೆಸುತ್ತಾನೆ. ಹಿಂದಿನದು ಅವನ ಕೈ ನೋಡಿ ಹಾಗೇ ಮಾಡುವಂತೆಯೂ ಇಡಬಹುದು, ದಿಬ್ಬ ದಾಟುವಾಗ ಮುಂದಿನ ಇಂಜಿನ್ ಎಳೆತ ಇಳಿಸಿದರೂ ಹಿಂದಿನದು ತಳ್ಳುತ್ತಲೇ ಇರುವ ಹಾಗೆಯೂ ಇಡಬಹುದು.

ಕೆನಡಾದ ಪ್ರೈರಿ ಎಂಬ ಹುಲ್ಲುಬಯಲಿನಲ್ಲಿ ಬ್ರೇಕಿನ ಗಾಳಿಯ ಪಾಡು ಇನ್ನೂ ಹೆಚ್ಚು. ಸೊನ್ನೆಗಿಂತ 25 ಡಿಗ್ರಿ ಕೆಳಗಿಳಿಯುವ ಚಳಿಗೆ ಪೈಪಿನ ರಬ್ಬರ್ ಸೆಟೆದುಕೊಂಡು ಗಾಳಿ ಸೋರುತ್ತದೆ. ಆಗ ಗಾಡಿಯ ಉದ್ದವನ್ನೇ ಕಡಿಮೆ ಮಾಡುತ್ತಾರೆ, ಬೇರೆ ದಾರಿಯಿಲ್ಲ.

ಪ್ರಶ್ನೆ: ಅಷ್ಟು ದುಡ್ಡಿರುವ ದೇಶ, ಇನ್ನೂ ಡೀಸೆಲ್ ಸುಡುವುದು ಯಾಕೆ?
– ದಾವಣಗೆರೆಯ ಓದುಗರು

ಉತ್ತರ: ಅಲ್ಲಿ ಹಳಿ ಸರ್ಕಾರದ್ದಲ್ಲ. ಯೂನಿಯನ್ ಪೆಸಿಫಿಕ್, ಬಿಎನ್‌ಎಸ್‌ಎಫ್ ಮುಂತಾದ ಕಂಪನಿಗಳದ್ದೇ ಹಳಿ, ಅವುಗಳದ್ದೇ ಗಾಡಿ. ಸಾವಿರಾರು ಕಿಲೋಮೀಟರ್ ವಿದ್ಯುತ್ ತಂತಿ ಎಳೆಯಲು ಕೈಯಿಂದ ದುಡ್ಡು ಹಾಕಬೇಕು. ಅದು ವಾಪಸ್ ಬರಲು ದಶಕಗಳೇ ಬೇಕು, ಷೇರುದಾರರು ಕಾಯುತ್ತಾರಾ? ಮೊಂಟಾನಾದ ಬೆಟ್ಟಗಳಲ್ಲಿ ಮಿಲ್ವಾಕೀ ರೋಡ್ ಕಂಪನಿ 1910ರ ದಶಕದಲ್ಲೇ ವಿದ್ಯುತ್ ರೈಲು ಓಡಿಸಿತ್ತು, 1974ರಲ್ಲಿ ನಿಲ್ಲಿಸಿಬಿಟ್ಟಿತು. ಎರಡಂತಸ್ತಿನ ಕಂಟೇನರ್ ಗಾಡಿಗೆ ತಂತಿ ಅಡ್ಡ ಅನ್ನುವವರಿದ್ದಾರೆ. ಅದು ಸುಮ್ನೆ ನೆಪ ಅಂತ ನನ್ನ ಅಭಿಪ್ರಾಯ, ನಮ್ಮ ಪಶ್ಚಿಮ ಸರಕು ಕಾರಿಡಾರ್‌ನಲ್ಲಿ ಎತ್ತರದ ತಂತಿ ಕೆಳಗೆ ಅಂಥವೇ ಗಾಡಿಗಳು ಓಡುತ್ತಿವೆ ಅಲ್ವಾ?

ಪ್ರಶ್ನೆ: ಗೂಡ್ಸ್ ಗಾಡಿ ಎಳೆಯುವ ನಮ್ಮ ಶೆಡ್ಡಿನ ಡಬ್ಲ್ಯೂಡಿಜಿ-4 ಡೀಸೆಲ್ ಇಂಜಿನ್‌ಗೂ ಅಮೆರಿಕಕ್ಕೂ ನಂಟಿದೆಯಂತೆ, ಹೌದಾ?
– ಹುಬ್ಬಳ್ಳಿಯ ಓದುಗರು

ಉತ್ತರ: ಹೌದು, ಹತ್ತಿರದ ನಂಟೇ. ಅದರ ವಿನ್ಯಾಸ ರೈಲು ಇಂಜಿನ್ ತಯಾರಿಸುವ ಅಮೆರಿಕದ ಇಎಂಡಿ ಕಂಪನಿಯದು. ಮೊದಲಿನವು 1999ರಲ್ಲಿ ಅಲ್ಲಿಂದಲೇ ಬಂದವು, ಆಮೇಲೆ ವಾರಾಣಸಿಯಲ್ಲಿ ತಯಾರಾದವು. ಬರ್ಲಿಂಗ್ಟನ್ ನಾರ್ದರ್ನ್ ಕಂಪನಿ 1990ರ ದಶಕದಲ್ಲಿ ಕಲ್ಲಿದ್ದಲು ಗಾಡಿಗಳಿಗೆ ಕೊಂಡ ಎಸ್‌ಡಿ70ಎಂಎಸಿ ಎಂಬ ಇಎಂಡಿ ಇಂಜಿನ್ ಒಳಗೂ ಇದೇ 16 ಸಿಲಿಂಡರಿನ 710 ಸರಣಿಯ ಟೂ ಸ್ಟ್ರೋಕ್ ಡೀಸೆಲ್ ಇದೆ. ಹಳಿಯ ಅಗಲ ಮಾತ್ರ ಬೇರೆ: ನಮ್ಮದು 1,676 ಮಿಲಿಮೀಟರ್, ಅವರದು 1,435.

ಪ್ರಶ್ನೆ: ಒಮಾಹಾದಲ್ಲಿರುವ ತಮ್ಮನ ಮನೆಗೆ ಹೋಗುತ್ತಿದ್ದೇವೆ. ಮಗನಿಗೆ ರೈಲಿನ ಹುಚ್ಚು, ಎಲ್ಲಿಗೆ ಕರೆದುಕೊಂಡು ಹೋಗಲಿ?
– ಮೈಸೂರಿನ ಓದುಗರು

ಉತ್ತರ: ನಾರ್ತ್ ಪ್ಲಾಟ್‌ಗೆ ಹೋಗಿ. ವ್ಯಾಗನ್‌ಗಳನ್ನು ವಿಂಗಡಿಸಿ ಜೋಡಿಸುವ ಅಲ್ಲಿನ ಬೈಲಿ (Bailey) ಯಾರ್ಡ್ ಜಗತ್ತಿನಲ್ಲೇ ದೊಡ್ಡದು, ಸುಮಾರು 2,850 ಎಕರೆ. ಪಕ್ಕದ ಗೋಲ್ಡನ್ ಸ್ಪೈಕ್ ಟವರ್ ಹತ್ತಿದರೆ, ದಿಬ್ಬದ ಮೇಲಿಂದ ಬಿಟ್ಟ ವ್ಯಾಗನ್‌ಗಳು ಇಂಜಿನ್ ಇಲ್ಲದೆ ತಾವೇ ಉರುಳಿ ತಮ್ಮ ತಮ್ಮ ಹಳಿಗೆ ಸೇರುವುದು ಕಾಣುತ್ತದೆ. ರಸ್ತೆ ಗೇಟುಗಳಲ್ಲಿ ಹಾರ್ನ್ ಕೇಳಲು ಹೇಳಿ: ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ಹಳಿ ಪಕ್ಕ ನಡೆದುಕೊಂಡು ಹೋಗಿ ಫೋಟೊ ತೆಗೆಯಲು ಬಿಡಬೇಡಿ. ಅದು ಕಂಪನಿಯ ಖಾಸಗಿ ಜಾಗ, ಪೊಲೀಸರು ದಂಡ ಹಾಕಬಹುದು.