ಜೋಗ ಎಲ್ಲಿಗೂ ಓಡಿ ಹೋಗುವುದಿಲ್ಲ

ಶಿವಮೊಗ್ಗದ ಲಾಡ್ಜೊಂದರಲ್ಲಿ ಬಹುಕಾಲ ಮ್ಯಾನೇಜರ್ ಆಗಿದ್ದವರು ಓದುಗರ ತಿರುಗಾಟದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತಾರೆ.

ಪ್ರಶ್ನೆ: ಸರ್, ನಾವು ಐದು ಜನ. ಮೂವರು ಹುಡುಗಿಯರು, ಇಬ್ಬರು ಹುಡುಗರು. ಬೆಂಗಳೂರಿನ ಒಂದೇ ಆಫೀಸಿಗೆ ಹೊಸದಾಗಿ ಸೇರಿದವರು. ಪರಿಚಯವಾಗಿ ಎರಡು ತಿಂಗಳೂ ಆಗಿಲ್ಲ. ಒಬ್ಬಳು ಕೇರಳದವಳು. ಒಂದು ಗುರುವಾರ ರಾತ್ರಿ ಊಟ ಮಾಡುತ್ತಾ ‘ನಾಳೆಯೇ ಶಿವಮೊಗ್ಗಕ್ಕೆ ಹೊರಡೋಣ’ ಅಂತ ಮಾತು ಬಂತು. ರೈಲಿನಲ್ಲಿ ಟಿಕೆಟ್ ಸಿಗದೆ ಅಲ್ಲಿಗೇ ನಿಂತಿತು. ಆದರೆ ಹೊರಡುವುದಂತೂ ಗ್ಯಾರಂಟಿ. ಶುಕ್ರವಾರ ರಾತ್ರಿ ಬಿಟ್ಟು ಸೋಮವಾರ ಬೆಳಗ್ಗೆ ಕೆಲಸಕ್ಕೆ ಹಾಜರಾಗಬೇಕು. ಒಬ್ಬೊಬ್ಬರಿಗೆ 2500 ರೂಪಾಯಿಗಿಂತ ಜಾಸ್ತಿ ಆಗಬಾರದು. ಜೋಗ, ಆಗುಂಬೆ, ಕೊಡಚಾದ್ರಿ ಮೂರೂ ಆಗುತ್ತಾ? ದುಡ್ಡಿನ ವಿಷಯದಲ್ಲಿ ಮನಸ್ತಾಪ ಬಾರದ ಹಾಗೆ ಏನು ಮಾಡಬೇಕು? ಇಷ್ಟು ಹೊಸಬರ ಜೊತೆ ಹೋಗುವುದು ಸರಿಯಾ ಅಂತ ಅಮ್ಮ ಬೇರೆ ಕೇಳುತ್ತಿದ್ದಾರೆ.
— ಹೆಸರು ಬೇಡ ಎಂದವರು, ಬೆಂಗಳೂರು

ಉತ್ತರ: ಆಗುವುದಿಲ್ಲ. ಮೂರೂ ಆಗುವುದಿಲ್ಲ, ಎರಡೂ ಕಷ್ಟ. ಶಿವಮೊಗ್ಗದಿಂದ ಜೋಗಕ್ಕೆ ಸುಮಾರು 100 ಕಿಲೋಮೀಟರ್, ಸಾಗರದ ಮೇಲೆ ಹೋಗಬೇಕು. ಆಗುಂಬೆ ಇನ್ನೊಂದು ದಿಕ್ಕು, ತೀರ್ಥಹಳ್ಳಿ ದಾಟಬೇಕು. ಕೊಡಚಾದ್ರಿಗೆ ಜೀಪು ಬೇಕು, ಇಲ್ಲವೇ ಕಾಲು ಗಟ್ಟಿ ಇರಬೇಕು. ಎರಡು ದಿನದಲ್ಲಿ ಎಲ್ಲ ಮುಗಿಸುತ್ತೇವೆ ಅಂತ ಬಾಡಿಗೆ ಗಾಡಿ ಮಾಡಿಕೊಂಡು ಹೋದವರು ಭಾನುವಾರ ಸಂಜೆ ನನ್ನ ಕೌಂಟರಿನ ಮುಂದೆ ಬಂದು ನಿಲ್ಲುವುದನ್ನು ನೋಡಿದ್ದೇನೆ. ಬಿಲ್ ಯಾರು ಕೊಡುತ್ತೀರಿ ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ನನ್ನ ಮಾತು ಕೇಳುವುದಾದರೆ ಶಿವಮೊಗ್ಗ ಊರಿನಲ್ಲೇ ಉಳಿದುಕೊಳ್ಳಿ. ಪ್ರವಾಸಕ್ಕೆ ಬಂದವರೆಲ್ಲ ಇಲ್ಲಿ ಬಸ್ಸು ಬದಲಾಯಿಸಿ ಮುಂದೆ ಹೋಗುತ್ತಾರೆ, ನಮ್ಮ ಊರನ್ನು ನೋಡುವವರೇ ಇಲ್ಲ ಮಾರಾಯ್ರೇ. ಅಭಿಮಾನಕ್ಕೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಹೊಸ ಪರಿಚಯದವರಿಗೆ ಊರೇ ಅನುಕೂಲ. ಜೀಪಿನಲ್ಲಿ ಕೂತ ಮೇಲೆ, ಸಾಕು ಅನ್ನಿಸಿದರೂ ಐದೂ ಜನ ಒಟ್ಟಿಗೇ ಇರಬೇಕು. ಊರಿನಲ್ಲಿ ಹಾಗಿಲ್ಲ. ಒಬ್ಬಳಿಗೆ ನಿದ್ದೆ ಬಂದರೆ ರೂಮಿಗೆ ಹೋಗಿ ಮಲಗಬಹುದು. ಇಬ್ಬರು ಅರಮನೆ ನೋಡಬಹುದು. ಒಬ್ಬ ಸುಮ್ನೆ ಬಜಾರು ಸುತ್ತಬಹುದು. ಸಂಜೆ ಎಲ್ಲರೂ ಹೋಟೆಲಿನಲ್ಲಿ ಸೇರಿದಾಗ ಮಾತಾಡುವುದಕ್ಕೆ ಏನಾದರೂ ಇರುತ್ತದೆ.

ಮೊದಲು ಟಿಕೆಟ್. ಮೈಸೂರಿನಿಂದ ಬರುವ ತಾಳಗುಪ್ಪ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಗಿನ ಜಾವ ಶಿವಮೊಗ್ಗ ಟೌನ್ ಸ್ಟೇಷನ್ನಿಗೆ ಬರುತ್ತದೆ. ಸ್ಲೀಪರ್ ತತ್ಕಾಲ್ ತೆರೆಯುವುದು ಹಿಂದಿನ ದಿನ ಬೆಳಗ್ಗೆ 11ಕ್ಕೆ. ಅಂದರೆ ನೀವು ಗುರುವಾರ ರಾತ್ರಿ ಊಟಕ್ಕೆ ಕೂತು ಯೋಚನೆ ಮಾಡುವ ಹೊತ್ತಿಗೆ ಶುಕ್ರವಾರದ ತತ್ಕಾಲ್ ಟಿಕೆಟ್ ಮುಗಿದುಹೋಗಿರುತ್ತದೆ. ದಿಢೀರ್ ಅಂತ ಹೊರಡುವುದೇ ಮಜಾ ಅನ್ನುವವರು ಆ ದಿಢೀರನ್ನು ಬುಧವಾರ ರಾತ್ರಿಗೆ ತನ್ನಿ. ರೈಲಿನಲ್ಲಿ ಅಲಾರಂ ಇಟ್ಟು ಮಲಗಿ, ಗಾಡಿ ಮುಂದೆ ಹೋಗುತ್ತದೆ. ಕಣ್ಣು ಬಿಟ್ಟಾಗ ತಾಳಗುಪ್ಪ ಬಂದಿದ್ದರೆ ಅಲ್ಲಿಂದ ಜೋಗ ಹತ್ತಿರ. ಆಗ ನೋಡಿಕೊಂಡೇ ಬನ್ನಿ, ನಾನು ಬೇಡ ಅನ್ನುವುದಿಲ್ಲ.

ರೈಲು ಸಿಗದಿದ್ದರೆ ಮೆಜೆಸ್ಟಿಕ್‌ನಿಂದ ಸರ್ಕಾರಿ ಕೆಂಪು ಬಸ್ಸು. ಇಲ್ಲಿ ಒಂದು ತೊಡಕಿದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರು ಟಿಕೆಟ್‌ಗೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಅದು ಕರ್ನಾಟಕದ ವಿಳಾಸ ಇರುವವರಿಗೆ ಮಾತ್ರ. ರಾಜಹಂಸ, ಐರಾವತದಲ್ಲಿ ನಡೆಯುವುದಿಲ್ಲ. ಖಾಸಗಿ ಬಸ್ಸಿನಲ್ಲೂ ಇಲ್ಲ. ಅಂದರೆ ನಿಮ್ಮ ಐವರಲ್ಲಿ ಇಬ್ಬರಿಗೆ ಫ್ರೀ. ಹುಡುಗರಿಬ್ಬರೂ ಕೇರಳದ ಹುಡುಗಿಯೂ ಕಾಸು ಕೊಡಬೇಕು. ಅವರವರ ಟಿಕೆಟ್ ಅವರವರದು ಅಂತ ಬಿಡಬಹುದು, ತಪ್ಪೇನಲ್ಲ. ನಾನಾದರೆ ಆ ಮೂರು ಟಿಕೆಟ್‌ನ ದುಡ್ಡನ್ನು ಐದು ಜನಕ್ಕೂ ಹಂಚುತ್ತೇನೆ. ಒಂದೇ ಬಸ್ಸಿನಲ್ಲಿ ಬಂದ ಹುಡುಗಿಗೆ ಮೊದಲ ರಾತ್ರಿಯೇ ನಾನು ಬೇರೆಯವಳು ಅನ್ನಿಸುವುದು ಬೇಡ.

ಇನ್ನು ರೂಮು. ಇದು ನನ್ನ ಕಸುಬು, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಬಸ್ ಸ್ಟ್ಯಾಂಡ್ ಸುತ್ತಲಿನ ಹಳೇ ಲಾಡ್ಜುಗಳಲ್ಲಿ ಹೆಚ್ಚಾಗಿ 24 ಗಂಟೆ ಲೆಕ್ಕ. ಶನಿವಾರ ಬೆಳಗಿನ ಜಾವ ಐದಕ್ಕೆ ಬಂದು ರಿಜಿಸ್ಟರಿಗೆ ಸಹಿ ಹಾಕಿದಿರೋ, ಭಾನುವಾರ ಐದಕ್ಕೆ ನಿಮ್ಮ ದಿನ ಮುಗಿಯಿತು. ನೀವು ಏಳುವ ಮೊದಲೇ ಇನ್ನೊಂದು ದಿನದ ಬಾಡಿಗೆ ಶುರುವಾಗಿರುತ್ತದೆ. ಹಾಗಾಗಿ ಬಂದ ಕೂಡಲೇ ರೂಮಿಗೆ ಓಡಬೇಡಿ. ಸ್ಟೇಷನ್ನಿನಲ್ಲೇ ಮುಖ ತೊಳೆದು ಚಹಾ ಕುಡಿಯಿರಿ. ಬೆಳಕು ಹರಿದ ಮೇಲೆ ಲಾಡ್ಜಿಗೆ ಹೋಗಿ ಅಡ್ವಾನ್ಸ್ ಕೊಡಿ. ‘ಬ್ಯಾಗ್ ಇಟ್ಟು ಹೋಗಿರ್ತೀವಿ, ಹನ್ನೆರಡಕ್ಕೆ ಎಂಟ್ರಿ ಹಾಕಿ’ ಅನ್ನಿ. ಮರ್ಯಾದೆಯಿಂದ ಕೇಳಿದವರಿಗೆ ನಾನು ಯಾವತ್ತೂ ಇಲ್ಲ ಅಂದಿಲ್ಲ. ಚೆಕ್‌ಔಟ್ ಮಧ್ಯಾಹ್ನ ಹನ್ನೆರಡಕ್ಕೇ ಅನ್ನುವ ಲಾಡ್ಜೂ ಇವೆ. ಅದನ್ನು ಮೊದಲೇ ಕೇಳಿಕೊಳ್ಳಿ.

ಹುಡುಗ ಹುಡುಗಿಯರು ಒಟ್ಟಿಗೆ ಬಂದರೆ ಕೆಲವು ಕಡೆ ರೂಮು ಖಾಲಿ ಇದ್ದರೂ ಇಲ್ಲ ಅನ್ನುತ್ತಾರೆ. ಹಾಗಂತ ಕಾನೂನು ಇಲ್ಲ, ಮಾಲೀಕರ ಭಯ ಅಷ್ಟೇ. ಬೆಂಗಳೂರಿನಿಂದಲೇ ಫೋನ್ ಮಾಡಿ, ಮೂರು ಹುಡುಗಿಯರಿಗೆ ಒಂದು ರೂಮು, ಇಬ್ಬರು ಹುಡುಗರಿಗೆ ಒಂದು ಅಂತ ಬಾಯಿಬಿಟ್ಟು ಹೇಳಿ. ಐದೂ ಜನರ ಗುರುತಿನ ಚೀಟಿ ಕೈಯಲ್ಲಿರಲಿ. ಮೊಬೈಲಿನ ಫೋಟೋ ಎಲ್ಲ ಕಡೆ ನಡೆಯುವುದಿಲ್ಲ. ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಅಂತಲೂ ಕೇಳಿ. ಒಂಬತ್ತಕ್ಕೆ ಎದ್ದು ತಣ್ಣೀರು ಸುರಿದುಕೊಂಡು ನನ್ನ ಮೇಲೆ ರೇಗಿದವರು ಬೇಕಾದಷ್ಟು ಜನ.

ಬ್ಯಾಗ್ ಇಟ್ಟ ಮೇಲೆ ಸೀದಾ ತೀರ್ಥಹಳ್ಳಿ ಕಡೆಯ ಖಾಸಗಿ ಬಸ್ಸು ಹತ್ತಿ ಸಕ್ರೆಬೈಲಿನಲ್ಲಿ ಇಳಿಯಿರಿ. 14 ಕಿಲೋಮೀಟರ್ ಅಷ್ಟೇ. ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಬೆಳಗ್ಗೆ ಆನೆಗಳಿಗೆ ಸ್ನಾನ ಮಾಡಿಸುತ್ತಾರೆ. ಹನ್ನೊಂದರ ಹೊತ್ತಿಗೆ ಎಲ್ಲ ಮುಗಿದಿರುತ್ತದೆ, ತಡ ಮಾಡಬೇಡಿ. ಕಂಡಕ್ಟರಿಗೆ ಕೊಡಲು ಚಿಲ್ಲರೆ ಇಟ್ಟುಕೊಳ್ಳಿ. ವಾಪಸ್ ಬಂದು ಊಟ, ಸ್ನಾನ, ನಿದ್ದೆ. ರಾತ್ರಿ ಪ್ರಯಾಣ ಮಾಡಿ ಬಂದವರು ಮಧ್ಯಾಹ್ನ ಮಲಗದಿದ್ದರೆ ಸಂಜೆಗೆ ಜಗಳ ಖಂಡಿತ.

ಸಂಜೆ ಗಾಂಧಿ ಬಜಾರ್. ಹೂವು, ಬಳೆ, ಪಾತ್ರೆ, ಕಿರಾಣಿ ಎಲ್ಲ ಒಂದೇ ಇಕ್ಕಟ್ಟಿನಲ್ಲಿ. ಕೊಳ್ಳದಿದ್ದರೂ ನಡೆಯಬಹುದು. ಅಪ್ಪೆ ಮಿಡಿ ಉಪ್ಪಿನಕಾಯಿ ಕಂಡರೆ ಮಾತ್ರ ಬಿಡಬೇಡಿ. ಆಮೇಲೆ ಕೋಟೆ ಆಂಜನೇಯನ ಗುಡಿ ಕಡೆ ಹೋಗಿ ತುಂಗೆಯ ಹತ್ತಿರ ಕೂತುಕೊಳ್ಳಿ. ರಾತ್ರಿಗೆ ಮೀನಾಕ್ಷಿ ಭವನದ ಮಸಾಲೆ ದೋಸೆ ತಿನ್ನುತ್ತೀರೋ, ಕಡುಬು ಕೋಳಿಸಾರು ಹುಡುಕುತ್ತೀರೋ ನಿಮ್ಮಿಷ್ಟ. ಗುಂಪಿನಲ್ಲಿ ಸಂಬಳ ಯಾರಿಗೆ ಕಡಿಮೆಯೋ ಅವರು ಹೋಟೆಲ್ ಆರಿಸಲಿ. ಇದನ್ನು ಅವರಿಗೆ ಹೇಳಬೇಕಾಗಿಲ್ಲ, ಉಳಿದವರು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು.

ಭಾನುವಾರ ಬೆಳಗ್ಗೆ ಶಿವಪ್ಪನಾಯಕನ ಅರಮನೆ. ಈಗ ಅದು ಮ್ಯೂಸಿಯಂ. ದಪ್ಪ ಮರದ ಕಂಬಗಳು, ಅಂಗಳದಲ್ಲಿ ವೀರಗಲ್ಲುಗಳು. 1645ರಿಂದ 1660ರವರೆಗೆ ಕೆಳದಿ ರಾಜ್ಯ ಆಳಿದ ಈ ದೊರೆ ಯುದ್ಧಕ್ಕಿಂತ ಲೆಕ್ಕಕ್ಕೆ ಹೆಸರುವಾಸಿ. ಯಾವ ಜಮೀನಿಗೆ ಎಷ್ಟು ಕಂದಾಯ ಅಂತ ಗೊತ್ತುಮಾಡಿದ ಅವನ ಪದ್ಧತಿಗೆ ಶಿವಪ್ಪನಾಯಕನ ಶಿಸ್ತು ಅಂತಲೇ ಹೆಸರು. ಹನ್ನೆರಡಕ್ಕೆ ರೂಮು ಬಿಟ್ಟು, ಬ್ಯಾಗ್ ಮತ್ತೆ ಕೌಂಟರಿನಲ್ಲಿಟ್ಟು, ಬಿಸಿಲು ಇಳಿದ ಮೇಲೆ ಕೂಡ್ಲಿಗೆ ಹೋಗಿ. ಐದು ಜನ ಇದ್ದೀರಿ, ಹೋಗಿ ಬರುವುದಕ್ಕೆ ಎರಡು ಆಟೋ ಮಾತಾಡಿದರೂ ಭಾರ ಆಗುವುದಿಲ್ಲ. 16 ಕಿಲೋಮೀಟರ್ ದೂರ. ಗಂಗಾಮೂಲದಲ್ಲಿ ಒಟ್ಟಿಗೇ ಹುಟ್ಟಿ ಬೇರೆ ಬೇರೆ ದಾರಿ ಹಿಡಿದ ತುಂಗೆ, ಭದ್ರೆ ಸೇರುವುದು ಇಲ್ಲೇ. ಹೊಯ್ಸಳರ ಕಾಲದ ರಾಮೇಶ್ವರ ದೇವಸ್ಥಾನ ಇದೆ. ನೀರಿಗೆ ಮಾತ್ರ ಇಳಿಯಬೇಡಿ, ಮೇಲೆ ಶಾಂತವಾಗಿ ಕಂಡರೂ ಸೆಳೆತ ಇರುತ್ತದೆ. ರಾತ್ರಿ ಅದೇ ರೈಲಿನ ಜೋಡಿ ಗಾಡಿ ತಾಳಗುಪ್ಪದಿಂದ ಬಂದು ನಿಮ್ಮನ್ನು ಬೆಂಗಳೂರಿಗೆ ಮುಟ್ಟಿಸುತ್ತದೆ.

ದುಡ್ಡಿನ ವಿಷಯ. ಪ್ರತಿ ಚಹಾಕ್ಕೂ ಫೋನ್ ತೆಗೆದು ಇಪ್ಪತ್ತು ಇಪ್ಪತ್ತು ಕಳಿಸುವ ಆಟ ಬೇಡ. ಹೊರಡುವಾಗ ತಲಾ 500 ಒಬ್ಬರ ಕೈಗೆ ಕೊಡಿ, ಮುಗಿದಾಗ ಮತ್ತೆ 500 ಹಾಕಿ. ಬಸ್ಸು, ಆಟೋ, ರೂಮು, ಊಟ ಅದರಿಂದ. ಬಳೆ, ಸಿಗರೇಟು, ಎರಡನೇ ಐಸ್‌ಕ್ರೀಮು ಸ್ವಂತ ಜೇಬಿನಿಂದ. ಟ್ರಿಪ್ ಹೊರಡಿಸಿದವರ ಕೈಗೆ ಹಣ ಕೊಡಬೇಡಿ, ದುಡ್ಡು ಕಡಿಮೆ ಬಿದ್ದರೆ ಅವರೇ ಸುಮ್ನೆ ಹಾಕಿಬಿಡುತ್ತಾರೆ. ಆಮೇಲೆ ಒಳಗೊಳಗೇ ಕುದಿಯುತ್ತಾರೆ.

ಅಮ್ಮನಿಗೆ ಹೀಗೆ ಹೇಳಿ. ಲಾಡ್ಜಿನ ಹೆಸರು, ಅಲ್ಲಿನ ಲ್ಯಾಂಡ್‌ಲೈನ್ ನಂಬರು, ನಾಲ್ಕೂ ಜನರ ಹೆಸರು, ನಂಬರು ಅವರ ಹತ್ತಿರ ಇರಲಿ. ವಾಪಸ್ ಬರುವಷ್ಟು ದುಡ್ಡು ನಿಮ್ಮ ಹತ್ತಿರ ಬೇರೆಯಾಗಿ ಇರಲಿ, ಎಲ್ಲರೂ ಸೇರಿ ಹಾಕಿದ ದುಡ್ಡಿಗೆ ಅದು ಸೇರುವುದು ಬೇಡ. ಇನ್ನು ಪರಿಚಯ ಹಳೆಯದಾಗಿದ್ದರೆ ಒಳ್ಳೆಯದು ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಮ್ಮೆ ನಮ್ಮ ಲಾಡ್ಜಿಗೆ ಕಾಲೇಜು ಹುಡುಗಿಯರ ಒಂದು ಗುಂಪು ಬಂದಿತ್ತು. ಒಬ್ಬಳಿಗೆ ರಾತ್ರಿಯಿಡೀ ವಾಂತಿ. ಬೆಳಗ್ಗೆ ಅವಳ ಬಾಲ್ಯದ ಗೆಳತಿಯರು ಗಾಡಿ ಹತ್ತಿ ಜೋಗಕ್ಕೆ ಹೋದರು. ಗುಂಪಿಗೆ ಹೊಸದಾಗಿ ಸೇರಿದ್ದ ಹುಡುಗಿ ಮಾತ್ರ ಉಳಿದುಕೊಂಡು, ಕೆಳಗೆ ಬಂದು ‘ಅಂಕಲ್, ಗಂಜಿ ಎಲ್ಲಿ ಸಿಗುತ್ತೆ’ ಅಂತ ಕೇಳಿದಳು. ನಮ್ಮ ಮನೆಯಿಂದಲೇ ತರಿಸಿಕೊಟ್ಟೆ.

ಪ್ರಶ್ನೆ: ಜುಲೈ, ಆಗಸ್ಟ್‌ನಲ್ಲಿ ಶಿವಮೊಗ್ಗಕ್ಕೆ ಬರಬಹುದಾ? ಮಳೆಗೆ ರೂಮಿನಲ್ಲೇ ಕೂರಬೇಕಾಗುತ್ತದಾ?
— ಓದುಗರೊಬ್ಬರು, ಹಾಸನ

ಉತ್ತರ: ಧಾರಾಳವಾಗಿ ಬನ್ನಿ. ಆಗುಂಬೆಯ ಮಳೆಗೂ ಶಿವಮೊಗ್ಗ ಪೇಟೆಯ ಮಳೆಗೂ ಬಹಳ ವ್ಯತ್ಯಾಸ ಇದೆ, ಇಲ್ಲಿ ಕೊಡೆ ಹಿಡಿದು ತಿರುಗಬಹುದು. ಆ ತಿಂಗಳುಗಳಲ್ಲಿ ಸಕ್ರೆಬೈಲಿನಿಂದ ಅದೇ ರಸ್ತೆಯಲ್ಲಿ ಮುಂದೆ ಮಂಡಗದ್ದೆಯವರೆಗೂ ಹೋಗಿ. ತುಂಗೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿರುತ್ತವೆ. ರಸ್ತೆ ಪಕ್ಕದಲ್ಲೇ ನಿಂತು ನೋಡಬಹುದು. ಜೀನ್ಸ್ ಪ್ಯಾಂಟ್ ತರಬೇಡಿ, ಒದ್ದೆಯಾದರೆ ಎರಡು ದಿನವಾದರೂ ಒಣಗುವುದಿಲ್ಲ. ಊಟಕ್ಕೆ ಕಳಲೆ ಪಲ್ಯ, ಪತ್ರೊಡೆ ಸಿಗುವ ಕಾಲ ಅದು.

ಪ್ರಶ್ನೆ: ನಾವು ಹಾಸ್ಟೆಲಿನ ನಾಲ್ವರು ಹುಡುಗಿಯರು. ಮೈಸೂರಿಗೆ ಶನಿವಾರ, ಭಾನುವಾರ ಹೋಗಬೇಕು ಅಂತಿದ್ದೇವೆ. ಒಬ್ಬಳಿಗೆ ಝೂ ಬೇಕು, ಒಬ್ಬಳಿಗೆ ಅರಮನೆಯ ದೀಪ, ಇಬ್ಬರಿಗೆ ಸುಮ್ನೆ ತಿರುಗಬೇಕು. ಹೇಗೆ ಹೊಂದಿಸುವುದು?
— ವಿದ್ಯಾರ್ಥಿನಿ, ಸಾಗರ

ಉತ್ತರ: ಹೊಂದಿಸುವುದೇ ಬೇಡ. ಶನಿವಾರ ಝೂ ಬೇಕಾದವಳು ಝೂಗೆ ಹೋಗಲಿ, ಉಳಿದವರು ದೇವರಾಜ ಮಾರ್ಕೆಟ್ಟಿನಲ್ಲಿ ತಿರುಗಲಿ. ಸಂಜೆ ಎಲ್ಲಿ, ಎಷ್ಟು ಹೊತ್ತಿಗೆ ಸೇರುವುದು ಅಂತ ಬೆಳಗ್ಗೆಯೇ ಗೊತ್ತುಮಾಡಿಕೊಳ್ಳಿ. ಅರಮನೆಯ ದೀಪ ಪ್ರತಿ ಭಾನುವಾರ ಸಂಜೆ ಏಳಕ್ಕೆ ಹತ್ತುತ್ತದೆ, ಅದಕ್ಕೆ ನಾಲ್ವರೂ ಹೋಗಿ. ವಾಪಸ್ ಬರುವ ಬಸ್ಸನ್ನು ದೀಪ ನೋಡಿ, ಊಟ ಮಾಡಿದ ಮೇಲಿನ ಹೊತ್ತಿಗೆ ಬುಕ್ ಮಾಡಿ. ಸರ್ಕಾರಿ ಬಸ್ಸಾದರೆ ಆಧಾರ್ ಕಾರ್ಡ್ ಮರೆಯಬೇಡಿ. ಸೋಮವಾರ ಬೆಳಗ್ಗೆ ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ವಾರ್ಡನ್‌ಗೆ ಹೇಳಿಯೇ ಹೊರಡಿ.