ತೂಕದ ಚೀಟಿ ಬರೆಯುವವರು ಯಾರು?

ಪಾಂಡವಪುರ ಕಡೆಯ ಓದುಗರೊಬ್ಬರ ಪತ್ರ: “ಮೈಸೂರಿನಲ್ಲಿ ಕೆಲಸಕ್ಕಿರುವ ಮಗ ಸಂಬಳ ಉಳಿಸಿ ಷೇರು ಕೊಳ್ಳುತ್ತಿದ್ದಾನೆ. ಕೇಳಿದರೆ ‘ಒಳ್ಳೇ ಆಡಳಿತ ಇರೋ ಕಂಪನಿ ಅಪ್ಪಾ’ ಅನ್ನುತ್ತಾನೆ. ಕಬ್ಬಿನ ದುಡ್ಡಿಗೇ ತಿಂಗಳುಗಟ್ಟಲೆ ಅಲೆದ ನನಗೆ ಯಾವ ಕಂಪನಿಯ ಮೇಲೂ ನಂಬಿಕೆ ಇಲ್ಲ. ಈ ಆಡಳಿತ ಗೀಡಳಿತ ಎಲ್ಲ ಸುಮ್ನೆ ಮಾತಲ್ವಾ?”

ನಮಸ್ಕಾರ. ನಾನೂ ಕಬ್ಬು ಬೆಳೆದ ಮನೆಯವನೇ. ನಮ್ಮಪ್ಪ ಗಾಡಿಯನ್ನು ಕಾರ್ಖಾನೆಗೆ ಒಯ್ಯುವ ಮೊದಲು ಹೊರಗಿನ ವೇಬ್ರಿಡ್ಜ್‌ನಲ್ಲಿ ತೂಗಿಸಿ, ಚೀಟಿಯನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಒಂದು ಸಲ ಒಳಗಿನ ತೂಕ ನಾಲ್ಕು ಕ್ವಿಂಟಾಲ್ ಕಡಿಮೆ ಬಂತು. ಅಪ್ಪ ಚೀಟಿ ತೆಗೆದು ಜಗಳಕ್ಕೆ ನಿಂತರು. ಮತ್ತೆ ತೂಗಿದರು, ಸರಿಹೋಯಿತು. ಬರೀ ಬಾಯಿಮಾತಾಗಿದ್ದರೆ ಯಾರು ಕೇಳುತ್ತಿದ್ದರು?

ಕಂಪನಿಗೆ ಲೆಕ್ಕ ಪರಿಶೀಲಿಸುವ ಆಡಿಟರ್, ಮಾಲೀಕರ ಕಡೆಯವರಲ್ಲದ ಹೊರಗಿನ ನಿರ್ದೇಶಕರು ಅಂತ ಇರುವುದು ಇಂಥ ಹೊರಗಿನ ಚೀಟಿಯ ಕೆಲಸಕ್ಕೇ.

ಆದರೆ ನಿಮ್ಮ ಅನುಮಾನವೂ ಸುಳ್ಳಲ್ಲ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ಗೆ 2008ರಲ್ಲಿ ಒಳ್ಳೇ ಆಡಳಿತಕ್ಕೆಂದೇ ಪ್ರಶಸ್ತಿ ಬಂದಿತ್ತು. ಬೋರ್ಡಿನಲ್ಲಿ, ಅಂದರೆ ನಿರ್ದೇಶಕರ ಮಂಡಳಿಯಲ್ಲಿ, ಹೆಸರಾಂತ ಪ್ರೊಫೆಸರುಗಳಿದ್ದರು. ಅದೇ ಡಿಸೆಂಬರಿನಲ್ಲಿ ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬದ ‘ಮೇಟಾಸ್’ ಕಂಪನಿಗಳನ್ನು ಕೊಳ್ಳಲು ಆ ಬೋರ್ಡು ಒಪ್ಪಿತು. (ಇಂಗ್ಲಿಷಿನಲ್ಲಿ ಸತ್ಯಂ ಅನ್ನು ಹಿಂದುಮುಂದಾಗಿ ಬರೆದರೆ ಮೇಟಾಸ್! ಹೆಸರಲ್ಲೇ ಎಲ್ಲ ಇತ್ತು.) ಷೇರುದಾರರು ತಿರುಗಿಬಿದ್ದ ಮೇಲೆ ಕೈಬಿಟ್ಟರು. 2009ರ ಜನವರಿ 7ರಂದು ರಾಜು ಅವರೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ 5,000 ಕೋಟಿ ರೂಪಾಯಿಗೂ ಜಾಸ್ತಿ ಹಣ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು.

ಆಡಿಟರ್ ಇರಲಿಲ್ಲವೇ? ಇದ್ದರು, ದೊಡ್ಡ ಹೆಸರಿನವರೇ. ಹಣ ಇದೆಯಾ ಅಂತ ಅವರು ನೇರವಾಗಿ ಬ್ಯಾಂಕನ್ನು ಕೇಳಬೇಕಿತ್ತು. ಆ ಕೆಲಸವನ್ನು ಕಂಪನಿಯವರ ಕೈಗೇ ಬಿಟ್ಟಿದ್ದರು. ಹೊರಗಿನ ಚೀಟಿಯನ್ನೂ ಕಾರ್ಖಾನೆಯವರೇ ಬರೆದುಕೊಂಡ ಹಾಗಾಯಿತು.

ಆಮೇಲೆ 2013ರ ಕಂಪನಿ ಕಾಯ್ದೆ ಬಂತು. ಷೇರುಪೇಟೆಯಲ್ಲಿರುವ ಕಂಪನಿಯ ಬೋರ್ಡಿನಲ್ಲಿ ಮೂರನೇ ಒಂದು ಭಾಗವಾದರೂ ಸ್ವತಂತ್ರ ನಿರ್ದೇಶಕರು, ಅಂದರೆ ಆ ಹೊರಗಿನವರು, ಇರಬೇಕು. ಒಂದೇ ಆಡಿಟ್ ಸಂಸ್ಥೆ ಸತತ 10 ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ಒಳ್ಳೆಯದೇ. ಆದರೂ ಮಾಲೀಕರೇ ಹುಡುಕಿ ಕರೆತಂದ ನಿರ್ದೇಶಕ, ಮಾಲೀಕರೆದುರು ಎಷ್ಟು ಗಟ್ಟಿಯಾಗಿ ಮಾತಾಡಿಯಾನು? ನನಗಂತೂ ಈ ಅನುಮಾನ ಹೋಗಿಲ್ಲ.

ಅದಕ್ಕೇ ಮಗನಿಗೆ ಒಂದು ಮಾತು ಹೇಳಿ. ವಾರ್ಷಿಕ ವರದಿಯ ಮುಂದಿನ ಬಣ್ಣದ ಫೋಟೊ ಬಿಟ್ಟು, ಹಿಂದಿನ ಪುಟಗಳಲ್ಲಿ ‘ರಿಲೇಟೆಡ್ ಪಾರ್ಟಿ’ ಎಂಬ ಭಾಗ ಓದಲಿ. ಮಾಲೀಕರ ಮನೆಯವರ ಕಂಪನಿಗೆ ಎಷ್ಟು ಸಾಲ ಹೋಗಿದೆ, ಅವರ ಕಟ್ಟಡಕ್ಕೆ ಎಷ್ಟು ಬಾಡಿಗೆ ಕಟ್ಟುತ್ತಿದ್ದಾರೆ, ಎಲ್ಲ ಅಲ್ಲಿರುತ್ತದೆ. ಆಡಿಟರ್ ಅವಧಿಗೆ ಮುಂಚೆ ಬಿಟ್ಟುಹೋಗಿದ್ದರೆ ಯಾಕೆ ಅಂತಲೂ ನೋಡಲಿ.

ಇನ್ನು ನಿಮ್ಮ ಕಬ್ಬಿನ ದುಡ್ಡು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ಬಾಕಿ ಕೇಳುವಾಗ ಬಡ್ಡಿಯನ್ನೂ ಬರವಣಿಗೆಯಲ್ಲೇ ಕೇಳಿ. ಕಬ್ಬು ಇಳಿಸಿದ ದಿನದ ಚೀಟಿ ಇದೆ ತಾನೇ?